ಅಯಸ್ಕಾಂತ ಹಿಡಿದರೆ ಬೆಳಕು ಬಾಗುತ್ತಾ?

ವಿಜ್ಞಾನದ ಬಗ್ಗೆ ಬರೆಯುವವನು ಅಂತ ಗೊತ್ತಾದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ: "ಬೆಳಕು ವಿದ್ಯುತ್ಕಾಂತೀಯ ಅಲೆ ಅಂತೀರಿ. ಹಾಗಿದ್ದ ಮೇಲೆ ಟಾರ್ಚ್ ಮುಂದೆ ದೊಡ್ಡ ಅಯಸ್ಕಾಂತ ಹಿಡಿದರೆ ಬೆಳಕು ಬಾಗಬೇಕು ಅಲ್ವಾ?"

ಬಾಗುವುದಿಲ್ಲ. ಕಾಂತಕ್ಷೇತ್ರದಲ್ಲಿ ಬಾಗುವುದು ಓಡುತ್ತಿರುವ ವಿದ್ಯುದಾವೇಶ. ಹಳೆಯ ಡಬ್ಬಿ ಟಿವಿಗಳಲ್ಲಿ ಎಲೆಕ್ಟ್ರಾನ್‌ಗಳನ್ನು ಪರದೆಯ ಉದ್ದಗಲಕ್ಕೂ ಓಡಾಡಿಸುತ್ತಿದ್ದದ್ದು ಹೀಗೆಯೇ. ಬೆಳಕಿನ ಕಣವಾದ ಫೋಟಾನ್‌ಗೆ ಆವೇಶವೇ ಇಲ್ಲ, ಕ್ಷೇತ್ರ ಅದನ್ನು ಎಳೆಯುವುದು ಹೇಗೆ? ಅಲೆಯಾಗಿ ನೋಡಿದರೂ ಉತ್ತರ ಅದೇ. ವಿದ್ಯುತ್ತು, ಕಾಂತಗಳ ನಿಯಮಗಳಾದ ಮ್ಯಾಕ್ಸ್‌ವೆಲ್ ಸಮೀಕರಣಗಳ ಪ್ರಕಾರ ಖಾಲಿ ಜಾಗದಲ್ಲಿ ಎರಡು ಕ್ಷೇತ್ರಗಳು ಎದುರಾದರೆ ಸುಮ್ನೆ ಕೂಡಿಕೊಳ್ಳುತ್ತವೆ, ಕೆರೆಯಲ್ಲಿ ಅಡ್ಡ ಹಾಯುವ ಎರಡು ಅಲೆಗಳ ಹಾಗೆ. ದಾಟಿದ ಮೇಲೆ ಅವುಗಳ ದಾರಿ ಅವುಗಳಿಗೆ. (ಗುರುತ್ವದಿಂದ ಬೆಳಕು ಬಾಗುವುದು ನಿಜ. ಅದು ಬೇರೆ ಲೆಕ್ಕ.)

ದಾರಿಯಲ್ಲಿ ಗಾಜೋ ನೀರೋ ಇದ್ದರೆ ಮಾತ್ರ ಕಥೆ ಬದಲಾಗುತ್ತದೆ. 1845ರಲ್ಲಿ ಮೈಕೆಲ್ ಫ್ಯಾರಡೆ ಸೀಸ ಬೆರೆಸಿದ ಭಾರದ ಗಾಜಿನ ತುಂಡೊಂದನ್ನು ವಿದ್ಯುತ್ಕಾಂತದ ಪಕ್ಕ ಇಟ್ಟರು. ದೀಪದ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುವಂತೆ ಮಾಡಿ ಗಾಜಿನೊಳಗೆ ಹಾಯಿಸಿದರು. ಆಚೆ ಬದಿಯಲ್ಲಿ ಒಂದೇ ದಿಕ್ಕಿನ ಕಂಪನವನ್ನು ಮಾತ್ರ ಬಿಡುವ ಹರಳೊಂದನ್ನು, ಆ ಬೆಳಕನ್ನು ಪೂರ್ತಿ ತಡೆಯುವಂತೆ ತಿರುಗಿಸಿಟ್ಟರು. ಈಗ ಕತ್ತಲೆ. ವಿದ್ಯುತ್ ಹರಿಸಿದರೆ ದೀಪ ಕಾಣಿಸಿತು, ನಿಲ್ಲಿಸಿದರೆ ಮಾಯ! ಬೆಳಕು ನೇರವಾಗಿಯೇ ಸಾಗಿತ್ತು, ಅದರ ಕಂಪನದ ದಿಕ್ಕು ತಿರುಗಿತ್ತು. ಕಾಂತಕ್ಷೇತ್ರ ಗಾಜಿನೊಳಗಿನ ಎಲೆಕ್ಟ್ರಾನ್‌ಗಳ ಚಲನೆಯನ್ನು ಬದಲಿಸುತ್ತದೆ, ಆ ಎಲೆಕ್ಟ್ರಾನ್‌ಗಳು ಬೆಳಕನ್ನು ತಿರುಗಿಸುತ್ತವೆ. ನೀರಿನಲ್ಲೂ ಹೀಗಾಗುತ್ತದೆ. ಬೆಳಕು ಸಾಗುವ ದಿಕ್ಕಿನಲ್ಲೇ 1 ಟೆಸ್ಲಾ (ಕಾಂತಕ್ಷೇತ್ರದ ಬಲವನ್ನು ಅಳೆಯುವ ಮಾನ) ಕ್ಷೇತ್ರವಿದ್ದರೆ, 10 ಸೆಂಟಿಮೀಟರ್ ನೀರು ಹಳದಿ ಬೆಳಕನ್ನು ಸುಮಾರು 22 ಡಿಗ್ರಿ ತಿರುಗಿಸುತ್ತದೆ.

ಇದರಲ್ಲೊಂದು ಮಜಾ ಇದೆ. ಸಕ್ಕರೆ ನೀರೂ ಕಂಪನದ ದಿಕ್ಕನ್ನು ತಿರುಗಿಸುತ್ತದೆ, ಆದರೆ ಕನ್ನಡಿ ಇಟ್ಟು ಬೆಳಕನ್ನು ಹಿಂದಕ್ಕೆ ಕಳಿಸಿದರೆ ತಿರುಗಿದ್ದೆಲ್ಲ ಬಿಚ್ಚಿಕೊಳ್ಳುತ್ತದೆ. ಫ್ಯಾರಡೆಯ ಗಾಜಿನಲ್ಲಿ ಹಿಂದೆ ಬರುವಾಗ ಇನ್ನೂ ಅಷ್ಟೇ ತಿರುಗುತ್ತದೆ. ಹೋಗುವಾಗ 45, ಬರುವಾಗ 45, ಒಟ್ಟು 90 ಡಿಗ್ರಿ. ಹೊರಡುವಾಗ ಬಿಟ್ಟುಕೊಟ್ಟ ಪೋಲರೈಸರ್ (ಒಂದೇ ದಿಕ್ಕಿನ ಕಂಪನವನ್ನು ಬಿಡುವ ಶೋಧಕ) ಈಗ ತಡೆದುಬಿಡುತ್ತದೆ. ತನ್ನದೇ ಬೆಳಕು ವಾಪಸ್ ಬಂದು ಲೇಸರ್ ಹಾಳಾಗದಿರಲಿ ಅಂತ ಈ ಉಪಾಯವನ್ನೇ ಬಳಸುತ್ತಾರೆ.

ವಿದ್ಯುತ್ ಕ್ಷೇತ್ರದ್ದೂ ಇದೇ ಪಾಡು, ಮಧ್ಯೆ ವಸ್ತು ಬೇಕು. 1875ರಲ್ಲಿ ಜಾನ್ ಕೆರ್ ಇದನ್ನು ಗಾಜಿನಲ್ಲಿ ತೋರಿಸಿದರು. ಎಲ್‌ಸಿಡಿ ಪರದೆಯಲ್ಲಿ ಕ್ಷೇತ್ರ ದ್ರವಹರಳಿನ ಅಣುಗಳನ್ನು ತಿರುಗಿಸುತ್ತದೆ, ಬೆಳಕು ಎಷ್ಟು ಹೊರಬರಬೇಕೆಂದು ಅಣುಗಳು ನಿರ್ಧರಿಸುತ್ತವೆ.

ಹಾಗಾದರೆ ಪೂರ್ತಿ ಖಾಲಿ ಜಾಗದಲ್ಲಿ ಏನೂ ಆಗುವುದೇ ಇಲ್ವಾ? ತೀರಾ ಹಾಗೂ ಅಲ್ಲ. ಕ್ಷೇತ್ರ ಬಲವಾಗಿದ್ದರೆ ನಿರ್ವಾತವೂ ಬೆಳಕಿನ ಕಂಪನವನ್ನು ಬದಲಿಸುವ ಹರಳಿನಂತೆ ಒಂದಿಷ್ಟು ನಡೆದುಕೊಳ್ಳಬೇಕು ಎಂದು 1936ರಲ್ಲಿ ಭೌತವಿಜ್ಞಾನಿಗಳಾದ ಹೈಸನ್‌ಬರ್ಗ್ ಮತ್ತು ಹಾನ್ಸ್ ಆಯ್ಲರ್ ಲೆಕ್ಕ ಹಾಕಿದರು. ಅದು ಎದ್ದು ಕಾಣಬೇಕಾದರೆ ಸುಮಾರು 440 ಕೋಟಿ ಟೆಸ್ಲಾ ಬೇಕು. ಆಸ್ಪತ್ರೆಯ ಎಂಆರ್‌ಐ ಯಂತ್ರದಲ್ಲಿ ಸಾಮಾನ್ಯವಾಗಿ ಇರುವುದು 1.5 ಅಥವಾ 3. ಇಟಲಿಯ ಪಿವಿಲಾಸ್ ಪ್ರಯೋಗದವರು 2.5 ಟೆಸ್ಲಾ ಅಯಸ್ಕಾಂತಗಳನ್ನು ಗರಗರ ತಿರುಗಿಸುತ್ತ ನಿರ್ವಾತದಲ್ಲಿ ಲೇಸರ್ ಹಾಯಿಸಿ ವರ್ಷಗಟ್ಟಲೆ ಹುಡುಕಿದರು. ಅವರ ಉಪಕರಣಕ್ಕೂ ಅದು ಸಿಗಲಿಲ್ಲ.