ಎಷ್ಟು ಪೇಪರ್ ಆಯಿತು, ತಂಗಿ?

ರಜೆಗೆ ಕಾರವಾರಕ್ಕೆ ಬಂದಾಗಲೆಲ್ಲ ಯಾರಾದರೊಬ್ಬರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಲೋಹಗಳಿಗೆ ತುಕ್ಕು ಹೇಗೆ ಹಿಡಿಯುತ್ತದೆ ಎಂಬುದು ನನ್ನ ಸಂಶೋಧನೆಯ ವಿಷಯ. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಕುಸಿದಂದಿನಿಂದ ನಮ್ಮೂರಿನವರು ಕಬ್ಬಿಣ, ಕಾಂಕ್ರೀಟ್ ಎಂಬ ಮಾತು ಬಂದರೆ ನಿಂತು ಕೇಳುತ್ತಾರೆ. ಈ ಸಲ ನಮ್ಮ ಓಣಿಯ ನಿವೃತ್ತ ಮಾಸ್ತರರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮೊಮ್ಮಗ ಮೊಬೈಲಿನಲ್ಲಿ ನನ್ನ ಹೆಸರು ಹುಡುಕಿ ತೋರಿಸಿದ್ದನಂತೆ. ‘ಎಚ್-ಇಂಡೆಕ್ಸ್ 11 ಎಂದು ಇದೆಯಲ್ಲ ತಂಗಿ, ಅದು ಒಳ್ಳೆಯದೋ, ಕಡಿಮೆಯೋ?’

ಜಗಲಿಯಲ್ಲಿ ಕುಳಿತು ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಈವರೆಗೆ ಪ್ರಕಟಿಸಿದ್ದು 26 ಪ್ರಬಂಧಗಳು. ಅವುಗಳಲ್ಲಿ 11 ಪ್ರಬಂಧಗಳು ತಲಾ 11 ಸಲವಾದರೂ ಬೇರೆ ಪ್ರಬಂಧಗಳಲ್ಲಿ ಉಲ್ಲೇಖಗೊಂಡಿವೆ. 2005ರಲ್ಲಿ ಹೊರ್ಹೆ ಹಿರ್ಷ್ ಎಂಬ ಭೌತವಿಜ್ಞಾನಿ ಸೂಚಿಸಿದ ಎಚ್-ಇಂಡೆಕ್ಸ್ ಎಂಬ ಲೆಕ್ಕ ಇಷ್ಟೇ. ಬ್ಯಾಟರಿಯ ಮೇಲೆ ಕೆಲಸ ಮಾಡುವ ನನ್ನ ವಯಸ್ಸಿನವರಿಗೆ ಈ ಅಂಕಿ ನನ್ನದಕ್ಕಿಂತ ಬಹಳ ಮೇಲಿರಬಹುದು. ಅಲ್ಲಿ ಬರೆಯುವವರು ಹೆಚ್ಚು, ಉಲ್ಲೇಖಗಳೂ ಬೇಗ ಬರುತ್ತವೆ. ತುಕ್ಕಿನ ಪ್ರಯೋಗಕ್ಕೆ ವರ್ಷಗಟ್ಟಲೆ ಕಾಯಬೇಕು. ಸಣ್ಣ ಬಂಗಡೆಯನ್ನೂ ದೊಡ್ಡ ಇಶ್ವಾಣ ಮೀನನ್ನೂ ತಲೆ ಎಣಿಸಿ ಒಂದೇ ಬೆಲೆ ಕಟ್ಟುವವರು ಬೈತಖೋಲದ ಬಂದರಿನಲ್ಲಿ ಯಾರೂ ಇಲ್ಲ. ಸಂಶೋಧಕರನ್ನು ಅಳೆಯುವಾಗಲೂ ಅಷ್ಟು ವಿವೇಕ ಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನನ್ನ ಪ್ರಬಂಧಗಳಲ್ಲಿ ಅತಿ ಹೆಚ್ಚು ಉಲ್ಲೇಖ ಪಡೆದದ್ದು ಮೂವರು ಸಹೋದ್ಯೋಗಿಗಳೊಂದಿಗೆ ಬರೆದ ಒಂದು ಸಮೀಕ್ಷಾ ಲೇಖನ, ಅಂದರೆ ಬೇರೆಯವರ ಸಂಶೋಧನೆಗಳನ್ನು ಒಟ್ಟುಗೂಡಿಸಿ ಬರೆದದ್ದು. ಉಪಯುಕ್ತ ಬರಹ, ಶ್ರಮವೂ ಇದೆ. ಆದರೆ ಅದರಲ್ಲಿ ನಮ್ಮದೇ ಆದ ಒಂದು ಅಳತೆಯೂ ಇಲ್ಲ.

ನನ್ನ ಮನಸ್ಸಿಗೆ ಹತ್ತಿರವಾದ ಪ್ರಬಂಧ ಬೇರೆ. ಕಾರವಾರದ ಕಡಲ ಕಡೆಗೆ ಮುಖ ಮಾಡಿದ ಒಂದು ತಾರಸಿಯ ಮೇಲೆ ಅಂಗೈ ಅಗಲದ ಉಕ್ಕಿನ ಫಲಕಗಳನ್ನು ಓರೆಯಾಗಿ ಕಟ್ಟಿ ಎರಡು ವರ್ಷ ಬಿಟ್ಟೆವು. ಇಳಿಸಿದಾಗ ಮೇಲ್ಮುಖದ ತುಕ್ಕು ತೆಳುವಾಗಿ, ಕೆಂಪು ಮಣ್ಣಿನ ಬಣ್ಣದಲ್ಲಿ ಅಂಟಿಕೊಂಡಿತ್ತು. ಕೆಳಮುಖದಲ್ಲಿ ಅದು ಕಪ್ಪಾಗಿ, ಪದರು ಪದರಾಗಿ ಎದ್ದಿತ್ತು; ಉಗುರು ತಾಗಿಸಿದರೆ ಹಲಸಿನ ಹಪ್ಪಳದ ಚೂರಿನಂತೆ ಮುರಿದು ಬೀಳುತ್ತಿತ್ತು. ಆಮ್ಲದಲ್ಲಿ ಅದ್ದಿ ತುಕ್ಕು ತೆಗೆದು, ಮಿಲಿಗ್ರಾಂನ ಹತ್ತನೆಯ ಒಂದು ಭಾಗದವರೆಗೆ ತೂಗಿ, ಎಷ್ಟು ಉಕ್ಕು ಹೋಯಿತೆಂದು ಲೆಕ್ಕ ಹಾಕಿದೆವು. ಆ ಎರಡು ಮುಖಗಳ ವ್ಯತ್ಯಾಸವನ್ನು ಕಣ್ಣಾರೆ ಕಂಡೂ ಒಟ್ಟು ತೂಕವನ್ನಷ್ಟೇ ಬರೆದೆವು. ಅದು ನಮ್ಮ ತಪ್ಪು.

ಆ ಪ್ರಬಂಧಕ್ಕೆ ಬಂದದ್ದು 9 ಉಲ್ಲೇಖಗಳು. ಎಚ್-ಇಂಡೆಕ್ಸಿನ 11ರಲ್ಲಿ ಅದಕ್ಕೆ ಸ್ಥಾನವಿಲ್ಲ. ಅದನ್ನು ಬರೆಯದೇ ಇದ್ದರೂ ನನ್ನ ಅಂಕಿ ಇಷ್ಟೇ ಇರುತ್ತಿತ್ತು.

ಆ ಒಂಬತ್ತನ್ನೂ ಒಂದೊಂದಾಗಿ ತೆರೆದು ಓದಿದ್ದೇನೆ. 1964ರಲ್ಲಿ ಯೂಜೀನ್ ಗಾರ್ಫೀಲ್ಡ್ ಎಂಬವರು, ಯಾವ ಪ್ರಬಂಧವನ್ನು ಯಾರು ಉಲ್ಲೇಖಿಸಿದ್ದಾರೆಂದು ತೋರಿಸುವ ವಿಜ್ಞಾನದ ಉಲ್ಲೇಖ ಸೂಚಿಯನ್ನು ಹೊರತಂದಾಗ ಅವರ ಮನಸ್ಸಿನಲ್ಲಿದ್ದ ಮುಖ್ಯ ಉದ್ದೇಶವೂ ಇದೇ ಬಗೆಯದು: ಒಂದು ವಿಚಾರ ಯಾರ ಕೈಗೆ ಹೋಯಿತು, ಅಲ್ಲಿ ಏನಾಯಿತು ಎಂದು ಜಾಡು ಹಿಡಿದು ಹೋಗುವುದು. ನಮ್ಮ ಒಂಬತ್ತರಲ್ಲಿ ಮೂರು ಉಲ್ಲೇಖಗಳು ನಮ್ಮದೇ ಬೇರೆ ಪ್ರಬಂಧಗಳಲ್ಲಿವೆ. ಐದು ಕಡೆ ‘ಕಡಲ ತೀರದಲ್ಲಿ ತುಕ್ಕು ಹೆಚ್ಚು’ ಎಂಬ ಒಂದು ಸಾಲಿನ ಕೊನೆಗೆ ಹತ್ತಾರು ಪ್ರಬಂಧಗಳ ಜೊತೆ ನಮ್ಮದನ್ನೂ ಸೇರಿಸಿದ್ದಾರೆ. ಉಳಿದದ್ದು ಒಂದು. ಬೇರೊಂದು ಕರಾವಳಿಯ ತಂಡ ನಮ್ಮ ಪ್ರಯೋಗವನ್ನೇ ಮತ್ತೆ ಮಾಡಿತ್ತು, ಆದರೆ ಸೂರಿನ ಕೆಳಗೆ. ಅವರ ಉಕ್ಕು ನಮ್ಮದಕ್ಕಿಂತ ಹೆಚ್ಚು ಸವೆದಿತ್ತು. ಅವರು ಕೊಟ್ಟ ಕಾರಣ: ಬಯಲಿನಲ್ಲಿದ್ದ ಫಲಕದ ಉಪ್ಪನ್ನು ಮಳೆ ತೊಳೆದುಬಿಡುತ್ತದೆ, ಸೂರಿನಡಿಯ ಫಲಕದ ಮೇಲೆ ಕಡಲ ಗಾಳಿ ತಂದ ಉಪ್ಪು ಹಾಗೆಯೇ ಕೂರುತ್ತದೆ, ಗಾಳಿಯ ತೇವವನ್ನು ಹೀರಿ ಲೋಹವನ್ನು ಸದಾ ಒದ್ದೆಯಾಗಿಡುತ್ತದೆ. ನಮ್ಮ ಫಲಕದ ಕೆಳಮುಖ ಹೇಳುತ್ತಿದ್ದದ್ದೂ ಅದನ್ನೇ.

ಲೆಕ್ಕದಲ್ಲಿ ಆ ಉಲ್ಲೇಖವೂ ಒಂದೇ, ಸಾಲಿನ ಕೊನೆಗೆ ಸೇರಿಸಿದ್ದೂ ಒಂದೇ. ಉಳಿದ ಎಂಟನ್ನೂ ಬಿಟ್ಟುಕೊಟ್ಟು ಅದೊಂದನ್ನು ಇಟ್ಟುಕೊಳ್ಳಲು ನಾನು ಸಿದ್ಧ. ಒಬ್ಬ ಸಂಶೋಧಕಿಯ ಕೆಲಸ ಹೇಗಿದೆ ಎಂದು ತಿಳಿಯಬೇಕಾದವರು ಅವಳ ಎರಡು ಪ್ರಬಂಧಗಳನ್ನು ಓದಲಿ, ಅವುಗಳನ್ನು ಬಳಸಿಕೊಂಡವರು ಏನು ಮಾಡಿದರೆಂದು ನೋಡಲಿ. ಒಂದು ಸಂಜೆಯ ಕೆಲಸ ಅದು.

ಮಾಸ್ತರರು ಎಲ್ಲವನ್ನೂ ಕೇಳಿ ಎದ್ದು ಹೋಗಿ ಜಗಲಿಯ ಕಿಟಕಿಯ ಸರಳನ್ನು ಹಿಡಿದರು. ‘ಗೇಟಿಗೆ ಮಳೆ ಹೊಡೆಯುತ್ತದೆ, ಇದಕ್ಕೆ ಒಂದು ಹನಿಯೂ ತಾಗುವುದಿಲ್ಲ. ಆದರೂ ಬುಡದಲ್ಲಿ ಇದೇ ಮೊದಲು ತಿಂದುಹೋಯಿತು. ಎರಡು ಸಲ ಬಣ್ಣ ಹೊಡೆಸಿದ್ದೇನೆ, ತಂಗಿ.’ ನಾನು ಬಗ್ಗಿ ನೋಡಿದೆ. ಬಣ್ಣದ ಅಡಿಯಲ್ಲಿ ಅದೇ ಕಪ್ಪು ಪದರುಗಳು.

ಮಳೆಗಾಲ ಮುಗಿದ ಮೇಲೆ ಇನ್ನೊಂದು ಚೌಕಟ್ಟು ಕಟ್ಟುತ್ತೇವೆ. ಅರ್ಧದಷ್ಟು ಫಲಕಗಳು ಬಯಲಿನಲ್ಲಿ, ಅರ್ಧದಷ್ಟು ಸೂರಿನ ಕೆಳಗೆ. ಈ ಸಲ ಎರಡು ಮುಖಗಳನ್ನೂ ಬೇರೆ ಬೇರೆಯಾಗಿ ಅಳೆಯುತ್ತೇವೆ. ಸೂರಿನ ಜಾಗಕ್ಕೆ ಮಾಸ್ತರರ ಜಗಲಿಯನ್ನು ಕೇಳಿದ್ದೇನೆ, ಅವರು ಒಪ್ಪಿದ್ದಾರೆ.