ಗಡಿಯಾರ ನೋಡಿ ಲ್ಯಾಕ್ಟೋಸ್ ಹಾಕಿದ ರಾತ್ರಿ

ಪುಣೆಯ ಭೋಸರಿಯ ಒಂದು ಸಣ್ಣ ಘಟಕದಲ್ಲಿ ನಾನು ಫರ್ಮೆಂಟರ್, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ತೊಟ್ಟಿ, ನೋಡಿಕೊಳ್ಳುತ್ತೇನೆ. ಇ. ಕೋಲಿ ಬ್ಯಾಕ್ಟೀರಿಯಾ ಬೆಳೆಸಿ, ಅದರಿಂದ ಬೀಟಾ ಗ್ಯಾಲಕ್ಟೋಸಿಡೇಸ್ ಅನ್ನೋ ಕಿಣ್ವ ತೆಗೆಯುತ್ತೇವೆ. ಹಾಲಿನ ಸಕ್ಕರೆ ಲ್ಯಾಕ್ಟೋಸನ್ನು ಒಡೆಯುವ ಕಿಣ್ವ ಅದು. ಬ್ಯಾಕ್ಟೀರಿಯಾ ಅದನ್ನು ಹೆಚ್ಚಾಗಿ ಮಾಡಲಿ ಅಂತಲೇ ಲ್ಯಾಕ್ಟೋಸ್ ಹಾಕುತ್ತೇವೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಕೈಯಲ್ಲೇ ಒಂದು ಬ್ಯಾಚ್ ಹಾಳಾಯಿತು.

ರಾತ್ರಿ ಪಾಳಿ. ಶೀಟಿನಲ್ಲಿ ಬರೆದ ಹೊತ್ತಿಗೆ ಸರಿಯಾಗಿ ಲ್ಯಾಕ್ಟೋಸ್ ಹಾಕಿದೆ. ಕೋಶಗಳು ಎಷ್ಟು ಬೆಳೆದಿವೆ ಅಂತ ಹೇಳುವ ಓ.ಡಿ. ಅಂಕಿ ಚೆನ್ನಾಗಿ ಏರುತ್ತಿತ್ತು. ಬೆಳಿಗ್ಗೆ ಕೋಶ ಒಡೆದು, ಕಿಣ್ವ ಇದೆಯಾ ಅಂತ ತೋರಿಸುವ ರಾಸಾಯನಿಕ ಓಎನ್‌ಪಿಜಿ ಹಾಕಿದರೆ ಹಳದಿ ಬಣ್ಣ ಬರಬೇಕು, ಬಂದಿದ್ದು ತೀರಾ ತೆಳು ಛಾಯೆ. ಕೋಶಗಳು ಬೇಕಾದಷ್ಟಿವೆ, ಕಿಣ್ವ ಮಾತ್ರ ಇಲ್ಲ. ನನಗೆ ಕೈಕಾಲೇ ಆಡಲಿಲ್ಲ.

ನಮ್ಮ ಹಿರಿಯರೊಬ್ಬರು ವಿಜಯಪುರದವರು. ಬೈಯಲಿಲ್ಲ. "ಗ್ಲೂಕೋಸ್ ಎಷ್ಟು ಉಳದೈತಿ ನೋಡಿದ್ರೇನು?" ಅಂತ ಕೇಳಿದರು. ನೋಡಿರಲಿಲ್ಲ. ಕೋಶ ಬೆಳೆಯಲು ಮೊದಲೇ ಕೊಟ್ಟಿದ್ದ ಗ್ಲೂಕೋಸ್ ಅಳೆದರೆ ಧಾರಾಳವಾಗಿ ಉಳಿದಿತ್ತು. "ಅದು ಮುಗಿಯೂತನಕ ಲ್ಯಾಕ್ಟೋಸ್ ಮುಟ್ಟೂದಿಲ್ರಿ" ಅಂದರು.

ಆಮೇಲೆ ಒಂದು ಹಾಳೆ ತೆಗೆದುಕೊಂಡು ಚಿತ್ರ ಬರೆದರು. ಕಾಲೇಜಿನಲ್ಲಿ ಓದಿದ್ದ ಲ್ಯಾಕ್ ಓಪೆರಾನ್, ಅಂದರೆ ಒಟ್ಟಿಗೆ ಕೆಲಸ ಮಾಡುವ ಲ್ಯಾಕ್ಟೋಸ್ ಜೀನ್‌ಗಳ ಸಾಲು, ಅವತ್ತು ನಿಜವಾಗಿ ಅರ್ಥವಾಯಿತು. ಮೂರು ಜೀನ್‌ಗಳು ಒಂದರ ಪಕ್ಕ ಒಂದು: ಲ್ಯಾಕ್ ಝಡ್, ಲ್ಯಾಕ್ ವೈ, ಲ್ಯಾಕ್ ಎ. ಮೂರಕ್ಕೂ ಸೇರಿ ಒಂದೇ ಆರ್‌ಎನ್‌ಎ ಬರುತ್ತದೆ. ಝಡ್ ನಮಗೆ ಬೇಕಾದ ಕಿಣ್ವ. ವೈ ಲ್ಯಾಕ್ಟೋಸನ್ನು ಒಳಗೆ ಬಿಡುವ ಬಾಗಿಲು. ಒಟ್ಟಿಗೆ ಬೇಕಾಗುವ ಕೆಲಸಗಾರರನ್ನು ಒಂದೇ ಆದೇಶದಲ್ಲಿ ಕರೆಸಿಕೊಳ್ಳುವ ಏರ್ಪಾಡು, ಎಷ್ಟು ಚಂದ ಅಲ್ವಾ! ಪಕ್ಕದ ಇನ್ನೊಂದು ಜೀನ್‌ನಿಂದ ಬರುವ ರೆಪ್ರೆಸರ್ ಅನ್ನೋ ಪ್ರೋಟೀನು ಈ ಸಾಲಿನ ಮುಂದೆ ಕೂತು ದಾರಿ ಕಟ್ಟುತ್ತದೆ.

ಆದರೆ ಬಾಗಿಲೇ ಇಲ್ಲದಿದ್ದರೆ ಮೊದಲ ಲ್ಯಾಕ್ಟೋಸ್ ಒಳಗೆ ಬರೋದು ಹೇಗೆ? ನನಗೆ ತುಂಬಾ ಇಷ್ಟವಾದ ಭಾಗ ಇದು. ರೆಪ್ರೆಸರ್ ಆಗಾಗ ಜಾರುತ್ತದೆ. ಹಾಗಾಗಿ ಎಲ್ಲ ಮುಚ್ಚಿದ್ದಾಗಲೂ ಒಂದಿಷ್ಟು ಬಾಗಿಲು, ಒಂದಿಷ್ಟು ಕಿಣ್ವ ಇದ್ದೇ ಇರುತ್ತವೆ. ನನ್ನ ಟ್ಯೂಬಿನ ತೆಳು ಹಳದಿ ಅದೇ. ಒಳಗೆ ಬಂದ ಸ್ವಲ್ಪ ಲ್ಯಾಕ್ಟೋಸನ್ನು ಆ ಕಿಣ್ವವೇ ಅಲೋಲ್ಯಾಕ್ಟೋಸ್ ಅನ್ನೋ ಇನ್ನೊಂದು ರೂಪದ ಸಕ್ಕರೆ ಮಾಡುತ್ತದೆ. ಅದು ಅಂಟಿಕೊಂಡರೆ ರೆಪ್ರೆಸರ್ ಜಾಗ ಬಿಡುತ್ತದೆ. ಪೂರ್ತಿ ತೆರೆದಾಗ ಕಿಣ್ವ ಸುಮಾರು 1000 ಪಟ್ಟು ಜಾಸ್ತಿಯಾಗುತ್ತದೆ.

ಗ್ಲೂಕೋಸ್ ಇದ್ದರೆ ಎರಡು ಕಡೆ ತಡೆ. ಅದು ಒಳಗೆ ಹರಿಯುತ್ತಿರುವಾಗ ಲ್ಯಾಕ್ಟೋಸಿನ ಬಾಗಿಲು ಕೆಲಸ ಮಾಡುವುದಿಲ್ಲ. ಜೊತೆಗೆ ಕೋಶದೊಳಗಿನ ಸಂಕೇತದ ಅಣು ಸೈಕ್ಲಿಕ್ ಎಎಂಪಿ ಕಡಿಮೆಯಾಗಿ, ಜೀನ್ ಓದಿಸಲು ನೆರವಾಗುವ ಪ್ರೋಟೀನು ಸುಮ್ನೆ ಇದ್ದುಬಿಡುತ್ತದೆ. ಎರಡು ಸಕ್ಕರೆ ಕೊಟ್ಟರೆ ಬೆಳವಣಿಗೆ ಎರಡು ಹಂತದಲ್ಲಿ, ನಡುವೆ ಒಂದು ನಿಲುಗಡೆಯೊಂದಿಗೆ ಆಗುವುದನ್ನು ಫ್ರೆಂಚ್ ವಿಜ್ಞಾನಿ ಜಾಕ್ ಮೊನೊ 1940ರ ದಶಕದ ಆರಂಭದಲ್ಲೇ ಪ್ಯಾರಿಸ್‌ನಲ್ಲಿ ಕಂಡಿದ್ದರು. ಅವರು ಮತ್ತು ಫ್ರಾನ್ಸ್ವಾ ಜಾಕೊಬ್ 1961ರಲ್ಲಿ ಓಪೆರಾನ್ ಮಾದರಿಯನ್ನು ವಿವರವಾಗಿ ಮುಂದಿಟ್ಟರು. 1965ರಲ್ಲಿ ಆಂದ್ರೆ ಲ್ವಾಫ್ ಜೊತೆ ನೊಬೆಲ್ ಬಂತು.

ಈಗ ನಮ್ಮ ಶೀಟಿನಲ್ಲಿ ಲ್ಯಾಕ್ಟೋಸಿಗೆ ಗಂಟೆ ಬರೆಯುವುದಿಲ್ಲ. ಗ್ಲೂಕೋಸ್ ಅಳತೆಗೆ ಒಂದು ಖಾನೆ ಇದೆ. ಅದಕ್ಕೂ ಮೊದಲು ನಾನು ಡಿಓ ಅಂಕಿಯ, ಅಂದರೆ ದ್ರವದಲ್ಲಿ ಕರಗಿರುವ ಆಮ್ಲಜನಕದ ಅಳತೆಯ ಮೇಲೆ ಕಣ್ಣಿಡುತ್ತೇನೆ. ಗ್ಲೂಕೋಸ್ ಮುಗಿದಾಗ ಕೋಶಗಳು ಆಮ್ಲಜನಕ ಎಳೆದುಕೊಳ್ಳುವುದು ಕಡಿಮೆಯಾಗಿ, ಅಂಕಿ ಒಮ್ಮೆಲೇ ಮೇಲೇರುತ್ತದೆ. ಆಗ ಸ್ಯಾಂಪಲ್ ತೆಗೆದು ಗ್ಲೂಕೋಸ್ ತೋರಿಸುವ ಸ್ಟ್ರಿಪ್ ಅದ್ದುತ್ತೇನೆ. ಬಣ್ಣ ಬರಲಿಲ್ಲ ಅಂದರೆ ಲ್ಯಾಕ್ಟೋಸ್ ಬಾಟಲಿಗೆ ಕೈ ಹಾಕುತ್ತೇನೆ.