ಶಿರಸಿಯಲ್ಲಿ ಬ್ರೋಟ್: ನಮ್ಮ ಅಡುಗೆಮನೆಯ ಡೈರಿ

ಫೆಬ್ರವರಿ ಕೊನೆ

ಊರಿಗೆ ಬಂದು ಮೂರು ವಾರ. ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ ತಂದ ಕೊನೆಯ ಪೆಟ್ಟಿಗೆಯನ್ನು ಇವತ್ತು ಬಿಚ್ಚಿದೆ. ಸ್ವೆಟರುಗಳ ನಡುವೆ ಬೇಕಿಂಗ್ ಪೌಡರ್ ಹನ್ನೊಂದು ಪಾಕೀಟು, ವೆನಿಲಾ ಸಕ್ಕರೆ ಆರು, ಒಣ ಯೀಸ್ಟ್ ನಾಲ್ಕು, ಒಂದು ಥರ್ಮಾಮೀಟರ್. ಇಷ್ಟೇ ಆಸ್ತಿ.

ಮಗಳಿಗೆ ಏಳು ವರ್ಷ, ಅಲ್ಲೇ ಹುಟ್ಟಿದವಳು. ತೆಳ್ಳೇವು (ನಮ್ಮ ಕಡೆಯ ತೆಳು ದೋಸೆ) ಅಂದರೆ ಪ್ರಾಣ. ಆದರೂ ಸಂಜೆ ಐದಾದರೆ ಅವಳಿಗೆ "ಬ್ರೋಟ್" ಬೇಕು. ಕಪ್ಪಗೆ, ಗಟ್ಟಿಯಾಗಿ, ಸ್ವಲ್ಪ ಹುಳಿಯಾಗಿರುವ ಜರ್ಮನ್ ಬ್ರೆಡ್ಡು. ಪೇಟೆಯಿಂದ ತಂದ ಬ್ರೆಡ್ ಕೊಟ್ಟರೆ "ಇದು ಕೇಕು" ಅನ್ನುತ್ತಾಳೆ. ಸುಳ್ಳೇನಲ್ಲ, ಸಿಹಿಯೇ ಇದೆ.

ಹಾಗಾಗಿ ಈ ಕೆಲಸ ಶುರು. ಆನ್‌ಲೈನಲ್ಲಿ ತರಿಸಬಾರದು ಅನ್ನುವ ಹಟವೇನೂ ಇಲ್ಲ. ಆದರೆ ಹುಲೇಕಲ್ ರಸ್ತೆಯಿಂದ ಒಳಗಿರುವ ನಮ್ಮ ಮನೆ ತನಕ ಕೊರಿಯರ್ ಹುಡುಗ ಬರುವುದಿಲ್ಲ. ನಾವೇ ಶಿರಸಿಗೆ ಹೋಗಿ ತರಬೇಕು. ಹೇಗೂ ಹೋಗುವುದಾದರೆ ಅಂಗಡಿಯಲ್ಲೇ ಹುಡುಕಬಹುದು ಅಲ್ವಾ?

ಮಾರ್ಚ್ 6

ಹಿಟ್ಟು ಹುಡುಕುವಾಗ ಅಲ್ಲಿನ ಮೊದಲ ತಿಂಗಳು ನೆನಪಾಯಿತು. ಭಾಷೆ ಬರುತ್ತಿರಲಿಲ್ಲ. ಚಪಾತಿಗೆ ಅಂತ ಕಂದು ಬಣ್ಣದ ಹಿಟ್ಟು ತಂದೆ. ಕಲೆಸಿದರೆ ಕೈಗೆ ಗೋಂದಿನ ಹಾಗೆ ಅಂಟಿತು. ಲಟ್ಟಿಸಲು ಹೋದರೆ ಮಣೆಗೆ ಅಂಟಿತು. ಆಮೇಲೆ ಪಕ್ಕದ ಮನೆಯಾಕೆ ಪಾಕೀಟು ಓದಿ ಹೇಳಿದಳು, ಇದು ಗೋಧಿಯಲ್ಲ, ರೈ ಅನ್ನುವ ಬೇರೆ ಧಾನ್ಯ ಅಂತ. ಗೋಧಿಗೆ ಅಲ್ಲಿ ವೈಟ್ಸೆನ್, ರೈಗೆ ರೋಗೆನ್. ಹೆಸರಲ್ಲೇ ರೋಗ ಇತ್ತು, ನಾನು ಗಮನಿಸಲಿಲ್ಲ. ರೈ ಹಿಟ್ಟಿನಲ್ಲಿ ಗೋಧಿಯ ಹಾಗೆ ಎಳೆಯುವ ಅಂಟು (ಗ್ಲುಟೆನ್) ಕಟ್ಟುವುದಿಲ್ಲ.

ಅಲ್ಲಿ ಹಿಟ್ಟಿನ ಪಾಕೀಟಿನ ಮೇಲೆ 405, 550, 1050 ಎಂದು ನಂಬರ್ ಇರುತ್ತದೆ. ಅದು ಬೂದಿಯ ಲೆಕ್ಕ. 100 ಗ್ರಾಮ್ ಒಣ ಹಿಟ್ಟು ಸುಟ್ಟರೆ ಎಷ್ಟು ಮಿಲಿಗ್ರಾಮ್ ಬೂದಿ ಉಳಿಯುತ್ತದೆ ಅಂತ. ತೌಡು ಜಾಸ್ತಿ ಇದ್ದಷ್ಟೂ ಬೂದಿ ಜಾಸ್ತಿ. 405 ಕೇಕಿಗೆ, 550 ಬಿಳಿ ಬ್ರೆಡ್ಡಿಗೆ. ಅಲ್ಲಿದ್ದಷ್ಟೂ ವರ್ಷ ಆ ನಂಬರ್ ನೋಡಿಯೇ ಬದುಕಿದವಳು ನಾನು. ಇಲ್ಲಿ ಅಂಗಡಿಯವರು ಕೇಳಿದ್ದು ಒಂದೇ: "ಮೈದಾನೋ, ಗೋಧಿ ಹಿಟ್ಟೋ?"

ಎರಡೂ ತಂದೆ. ಅಡಿಕೆ ಬೆಳೆಗಾರರ ಸಹಕಾರಿ ಸಂಘವಾದ ತೋಟಗಾರ್ಸ್ ಸೊಸೈಟಿಯ ಸೂಪರ್ ಮಾರ್ಕೆಟ್ಟಿನಲ್ಲಿ ಅಗಸೆ, ಎಳ್ಳು, ರಾಗಿ ಹಿಟ್ಟು ಕೂಡ ಸಿಕ್ಕಿತು. ಒಂದು ಕಿಟಕಿಯಲ್ಲಿ ಅಪ್ಪ ಅಡಿಕೆ ಲೆಕ್ಕ ಕೇಳುತ್ತಿದ್ದರು. ಇತ್ತ ನಾನು ಮೈದಾ ಪಾಕೀಟಿನ ಹಿಂದೆ ಪ್ರೋಟೀನ್ ಎಷ್ಟು ಅಂತ ಓದುತ್ತಾ ನಿಂತಿದ್ದೆ.

ಮಾರ್ಚ್ 19

ಬ್ರೆಡ್ಡಿಗೆ ಸಂಬಂಧ ಇಲ್ಲದ ವಿಷಯ, ಆದರೂ ಬರೆದಿಡುತ್ತೇನೆ.

ಚಿಕ್ಕಪ್ಪನ ತೋಟದಲ್ಲಿ ಒಂದು ವೆನಿಲಾ ಬಳ್ಳಿ ಉಳಿದಿದೆ! ಹಾಲವಾಣದ ಮರಕ್ಕೆ ಹಬ್ಬಿ, ಯಾರೂ ತಿರುಗಿ ನೋಡದೆ ಬೆಳೆದಿದೆ. ನಾನು ಹೈಸ್ಕೂಲಿನಲ್ಲಿದ್ದಾಗ ಇಡೀ ಊರಿಗೆ ವೆನಿಲಾ ಹುಚ್ಚು. 2000ದಲ್ಲಿ ಮಡಗಾಸ್ಕರ್‌ಗೆ ಚಂಡಮಾರುತ ಬಡಿದು ಅಲ್ಲಿನ ಬೆಳೆ ಹೋಯಿತು, ದರ ಏರುತ್ತಲೇ ಹೋಯಿತು. ಹಸಿ ಕೋಡಿಗೇ ಕಿಲೋಗೆ ಸಾವಿರಗಟ್ಟಲೆ ರೂಪಾಯಿ. ಬಳ್ಳಿಯ ತುಂಡನ್ನೂ ಕದಿಯುತ್ತಾರೆ ಎಂದು ಚಿಕ್ಕಪ್ಪ ರಾತ್ರಿ ಟಾರ್ಚ್ ಹಿಡಿದು ತೋಟ ಕಾಯುತ್ತಿದ್ದರು. ಆಮೇಲೆ ದರ ಬಿತ್ತು. ಬಿದ್ದದ್ದು ಅಂದರೆ ಹಾಗೆ ಹೀಗಲ್ಲ. ಸಿಟ್ಟಿನಲ್ಲಿ ಎಲ್ಲ ಕಿತ್ತು ಹಾಕಿದರು. ಇದೊಂದು ಮೂಲೆಯಲ್ಲಿ ತಪ್ಪಿಸಿಕೊಂಡಿದೆ.

ಅದೇ ಮಡಗಾಸ್ಕರ್ ವೆನಿಲಾವನ್ನು ಸ್ಟುಟ್‌ಗಾರ್ಟ್‌ನಲ್ಲಿ ಗಾಜಿನ ನಳಿಕೆಯಲ್ಲಿ ಇಟ್ಟು ಮಾರುತ್ತಿದ್ದರು. ದರ ನೋಡುತ್ತಿದ್ದೆ, ವಾಪಸ್ ಇಡುತ್ತಿದ್ದೆ.

ಬಳ್ಳಿಯಲ್ಲಿ ಈಗ ಹೂವಿದೆ. ವೆನಿಲಾ ಹೂವು ಒಂದು ಬೆಳಿಗ್ಗೆ ಮಾತ್ರ ಅರಳಿರುತ್ತದೆ, ಮಧ್ಯಾಹ್ನಕ್ಕೆ ಬಾಡುತ್ತದೆ. ಇದರ ಮೂಲ ಮೆಕ್ಸಿಕೋ. ಅಲ್ಲಿನ ಜೇನು ಇಲ್ಲಿಲ್ಲ, ಹಾಗಾಗಿ ಪರಾಗ ನಾವೇ ಸೇರಿಸಬೇಕು. ಹೂವಿನೊಳಗೆ ಗಂಡು ಹೆಣ್ಣಿನ ನಡುವೆ ಒಂದು ಪುಟ್ಟ ಪರದೆ ಇದೆ. ಹಿಡಿಕಡ್ಡಿಯಿಂದ ಅದನ್ನು ಎತ್ತಿ, ಹೆಬ್ಬೆರಳಿನಿಂದ ಮೆತ್ತಗೆ ಒತ್ತಬೇಕು. ಈ ಉಪಾಯ ಕಂಡುಹಿಡಿದದ್ದು 1841ರಲ್ಲಿ, ರೀಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್. ಆಗ ಅವನು 12 ವರ್ಷದ ಹುಡುಗ, ಗುಲಾಮ. ನನಗೆ ಹೇಳಿಕೊಟ್ಟದ್ದು ಚಿಕ್ಕಪ್ಪ. ಹದಿನೈದು ವರ್ಷ ಬಿಟ್ಟಿದ್ದರೂ ಅವರ ಕೈ ಮರೆತಿಲ್ಲ. ಮೂರು ಬೆಳಿಗ್ಗೆ ಸೇರಿ 14 ಹೂವು ಮುಗಿಸಿದೆವು.

ಏಪ್ರಿಲ್ 11

ಮೊದಲ ಬ್ರೆಡ್ಡು. ಪೂರ್ತಿ ಗೋಧಿ ಹಿಟ್ಟು, ಅಲ್ಲಿಂದ ತಂದ ಯೀಸ್ಟು, ಅಲ್ಲಿನ ಅಳತೆಯ ನೀರು. 500 ಗ್ರಾಮಿಗೆ 325.

ಆಯಿ (ಅಮ್ಮ) ಚಾಕು ಹಾಕಿ ನೋಡಿ, "ಎಂತದೇ ಕೂಸೆ ಇದು? ಕಲ್ಲಾ?" ಅಂದರು. ದನವೂ ಮೂಸಿ ಬಿಟ್ಟಿತು.

ತಪ್ಪು ನೀರಿನದ್ದು. ನಮ್ಮ ಗೋಧಿ ಹಿಟ್ಟನ್ನು ಕಲ್ಲಿನಲ್ಲಿ ಒತ್ತಿ ಬೀಸುತ್ತಾರೆ. ಆ ಒತ್ತಡಕ್ಕೆ ಪಿಷ್ಟದ ಕಣ ಒಡೆಯುತ್ತದೆ, ಒಡೆದ ಕಣ ನೀರು ಜಾಸ್ತಿ ಕುಡಿಯುತ್ತದೆ. ಚಪಾತಿ ಮೆತ್ತಗಾಗಲಿ ಎಂದು ಮಾಡಿದ ಹಿಟ್ಟು ಅದು, ಬ್ರೆಡ್ಡಿಗಲ್ಲ. ಮತ್ತೆ ತೌಡಿನ ಚೂರುಗಳು ಅಂಟನ್ನು ಕತ್ತರಿಸುತ್ತವೆ. ಮುಂದಿನ ಸಲ ಅರ್ಧಕ್ಕಿಂತ ಜಾಸ್ತಿ ಮೈದಾ.

ಜೂನ್ 20

ಯೀಸ್ಟ್ ಮುಗಿಯಿತು. ಪೇಟೆಯಲ್ಲಿ ಸಿಕ್ಕ ಡಬ್ಬಿ ಸತ್ತಿತ್ತು. ಉಗುರು ಬೆಚ್ಚಗಿನ ನೀರಿಗೆ ಸಕ್ಕರೆ ಹಾಕಿ ಹತ್ತು ನಿಮಿಷ ಬಿಟ್ಟೆ, ಒಂದು ನೊರೆಯೂ ಏಳಲಿಲ್ಲ. ಯಾವ ಬಿಸಿಲಿನಲ್ಲಿ ಎಷ್ಟು ತಿಂಗಳು ಕೂತಿತ್ತೋ ಏನೋ. ಈ ಪರೀಕ್ಷೆ ಮಾಡದೆ ಹಿಟ್ಟು ಕಲೆಸಬೇಡಿ.

ಹಾಗಾದರೆ ಯೀಸ್ಟೇ ಬೇಡ, ಹುಳಿ ಹಿಟ್ಟಿನಲ್ಲೇ ಮಾಡೋಣ ಅಂದುಕೊಂಡೆ. ಗೋಧಿ ಹಿಟ್ಟು, ಚಿಟಿಕೆ ರಾಗಿ ಹಿಟ್ಟು, ಸಮ ತೂಕದ ನೀರು, ಒಂದು ಗಾಜಿನ ಭರಣಿ. ದಿನಾ ಅರ್ಧ ತೆಗೆದು ಹೊಸ ಹಿಟ್ಟು, ನೀರು. ಸ್ಟುಟ್‌ಗಾರ್ಟಿನ ಚಳಿ ಅಡುಗೆಮನೆಯಲ್ಲಿ ಇದಕ್ಕೆ ಎರಡು ವಾರ ಹಿಡಿದಿತ್ತು. ಇಲ್ಲಿ ಐದನೇ ದಿನ ಮುಚ್ಚಳ ಎತ್ತಿತು. ಆಯಿ ಇದಕ್ಕೆ "ಬ್ರೆಡ್ಡಿನ ಹೆಪ್ಪು" ಎಂದು ಹೆಸರಿಟ್ಟಿದ್ದಾರೆ. ತೆಗೆದ ಅರ್ಧ ಹಿಟ್ಟನ್ನು ಅವರು ದೋಸೆಗೆ ಸೇರಿಸುತ್ತಾರೆ. ಇರುವೆ ಬರದ ಹಾಗೆ ಭರಣಿಯನ್ನು ನೀರಿನ ತಟ್ಟೆಯಲ್ಲಿ ಇಟ್ಟಿದ್ದೇವೆ.

ಜುಲೈ 3

ಹೆಪ್ಪು ಸರಿ, ಹಿಟ್ಟು ಸರಿ, ಓವನ್ ಸರಿಯಿಲ್ಲ. ಮೇಲೆ ಬಿಳಿ, ಒಳಗೆ ಹಸಿ. ಓವನ್ ಹಾಳಾಗಿದೆ ಅಂತ ಎರಡು ವಾರ ಬೈದೆ. ಕೊನೆಗೆ ತಮ್ಮ ಬಂದು ಮೀಟರ್ ಇಟ್ಟು ನೋಡಿದ. ರಾತ್ರಿ ಎಂಟಕ್ಕೆ ವೋಲ್ಟೇಜ್ 180. ಇರಬೇಕಾದದ್ದು 230. ವೋಲ್ಟೇಜ್ ಇಳಿದಷ್ಟೇ ಕಾವು ಇಳಿಯುತ್ತದೆ ಅಂದುಕೊಂಡಿದ್ದೆ, ಹಾಗಲ್ಲವಂತೆ. ಅದು ವರ್ಗದ ಲೆಕ್ಕ, ವೋಲ್ಟೇಜನ್ನು ಅದರಿಂದಲೇ ಗುಣಿಸಬೇಕು. 180ರಲ್ಲಿ ಹೀಟರಿನ ಶಕ್ತಿ ಸುಮಾರು 60 ಪರ್ಸೆಂಟಿಗೆ ಬರುತ್ತದೆ. 1500 ವ್ಯಾಟ್ ಓವನ್ ಹೋಗಿ 900 ವ್ಯಾಟ್ ಆಯಿತು.

ಈಗ ಬೆಳಿಗ್ಗೆ ಐದಕ್ಕೆ ಬೇಯಿಸುತ್ತೇನೆ, ಆಗ ಯಾರ ಮನೆಯ ಪಂಪೂ ಓಡುವುದಿಲ್ಲ. ಅಜ್ಜಿಯ ಕಾಲದ ಬೀಡಿನ ಕಾವಲಿಯನ್ನು ಓವನ್ ಒಳಗಿಟ್ಟು ಮುಕ್ಕಾಲು ಗಂಟೆ ಕಾಯಿಸಿ, ಅದರ ಮೇಲೆ ಹಿಟ್ಟು ಇಡುವುದು. ಕರೆಂಟ್ ಐದು ನಿಮಿಷ ಹೋದರೂ ಕಾವಲಿ ಬಿಸಿ ಹಿಡಿದಿರುತ್ತದೆ. ಐದು ನಿಮಿಷಕ್ಕಿಂತ ಜಾಸ್ತಿ ಹೋದರೆ ಆ ದಿನ ಅವಲಕ್ಕಿ.

ಜುಲೈ 27

ಕಾರವಾರಕ್ಕೆ ಅತ್ತೆ ಮನೆಗೆ ಹೋಗಿದ್ದೆವು. ದೇವಿಮನೆ ಘಟ್ಟ ಇಳಿಯುವಾಗ ಮೂರಡಿ ಮುಂದೆ ಕಾಣದಷ್ಟು ಮಳೆ. ಬೆಳಿಗ್ಗೆ ಪಾವ್ ತರಲು ಹೋದ ಬೇಕರಿಯಲ್ಲಿ ಸುಮ್ನೆ ಕೇಳಿದೆ, ಹಸಿ ಯೀಸ್ಟ್ ಇದೆಯಾ ಅಂತ. ಮುದುಕರೊಬ್ಬರು ಅರ್ಧ ಕಿಲೋ ಗಟ್ಟಿಯಿಂದ ಒಂದು ತುಂಡು ಕೊಯ್ದು ಕಾಗದದಲ್ಲಿ ಸುತ್ತಿ ಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ. ಅವರ ಅಜ್ಜನ ಕಾಲದಲ್ಲಿ ಕಳ್ಳು ಹಾಕಿ ಹಿಟ್ಟು ಉಬ್ಬಿಸುತ್ತಿದ್ದರಂತೆ, ಗೋವಾದವರ ಹಾಗೆ.

ಜರ್ಮನಿಯಲ್ಲಿ ಹಸಿ ಯೀಸ್ಟ್ 42 ಗ್ರಾಮಿನ ಪುಟ್ಟ ಇಟ್ಟಿಗೆ, ಎಲ್ಲ ಅಂಗಡಿಯ ಫ್ರಿಜ್ಜಿನಲ್ಲೂ ಇರುತ್ತದೆ. ಅದು ಒಂದು ಕಿಲೋ ಹಿಟ್ಟಿಗೆ. ಒಣ ಯೀಸ್ಟ್ ಆದರೆ ಅರ್ಧ ಕಿಲೋಗೆ 7 ಗ್ರಾಮ್. ಅಂದರೆ ಹಸಿಯದ್ದು ಒಣಗಿದ್ದರ ಮೂರು ಪಟ್ಟು ಬೇಕು. ಹಾಲಿನ ಪಾತ್ರೆಯ ಪಕ್ಕ ಇಟ್ಟುಕೊಂಡು ಘಟ್ಟ ಹತ್ತಿಸಿದೆ. ಮನೆ ಮುಟ್ಟುವಾಗ ಮೆತ್ತಗಾಗಿತ್ತು, ಜೀವ ಇತ್ತು. ಆ ವಾರ ಬನ್ ಮಾಡಿದ್ದಾಯಿತು.

ಆಗಸ್ಟ್ 18

ಬೆಣ್ಣೆಯ ಗಲಾಟೆ. ಪೇಟೆಯಲ್ಲಿ ಸಿಗುವುದು ಹೆಚ್ಚಾಗಿ ಉಪ್ಪಿನ ಬೆಣ್ಣೆ. ಮನೆಯಲ್ಲಿ ಕಡೆದ ಬೆಣ್ಣೆ ಇರುವಾಗ ಅದೇಕೆ ಎಂದು ಕೇಕಿಗೆ ಅದನ್ನೇ ಹಾಕಿದೆ. ನಡುವೆ ಕುಸಿಯಿತು. ಲೋಟದಲ್ಲಿ 100 ಗ್ರಾಮ್ ಕರಗಿಸಿ ಇಟ್ಟು ನೋಡಿದೆ, ತಳದಲ್ಲಿ ಕಾಲು ಪಾಲು ಮಜ್ಜಿಗೆ ನೀರು! ಅಂಗಡಿ ಬೆಣ್ಣೆಯಲ್ಲಿ ಕೊಬ್ಬು 80 ಪರ್ಸೆಂಟ್ ಇರಲೇಬೇಕು.

ಈಗ ತಣ್ಣೀರಿನಲ್ಲಿ ಮೂರು ಸಲ ತೊಳೆದು, ಹಲಗೆಯ ಮೇಲೆ ಹಿಚುಕಿ ಹಿಚುಕಿ ನೀರು ತೆಗೆಯುತ್ತೇನೆ. ರುಚಿ ಮಾತ್ರ ಅಂಗಡಿಯದ್ದಕ್ಕಿಂತ ಮೇಲು. ಮೊಸರಿನಿಂದ ಕಡೆದದ್ದು ತಾನೇ. ಹುಳಿ ಬರಿಸಿದ ಕೆನೆಯ ಬೆಣ್ಣೆ ಅಂತ ಜರ್ಮನಿಯಲ್ಲಿ ಬೇರೆ ಹೆಸರಿಟ್ಟೇ ಮಾರುತ್ತಾರೆ.

ಉಳಿದದ್ದು ಸುಲಭವಾಗಿ ಆಯಿತು. ಕ್ವಾರ್ಕ್ ಅನ್ನುವ ಮೆತ್ತನೆಯ ಜರ್ಮನ್ ಚೀಸ್ ಬದಲು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದ ಮೊಸರು. ಸಕ್ಕರೆ ಬೀಟ್ ಗೆಡ್ಡೆಯ ಸಿರಪ್ ಬದಲು ಜೋನಿ ಬೆಲ್ಲ. ಇದು ಬದಲಿಯಲ್ಲ, ಇದೇ ವಾಸಿ.

ಅಕ್ಟೋಬರ್ 9

ಬಂತು!

ಮೈದಾ 300, ಗೋಧಿ ಹಿಟ್ಟು 120, ರಾಗಿ 80, ನೀರು 350, ಹೆಪ್ಪು 100, ಉಪ್ಪು 10 ಗ್ರಾಮ್, ಒಂದು ಚಮಚ ಜೋನಿ ಬೆಲ್ಲ, ಒಂದು ಹಿಡಿ ನೆನೆಸಿದ ಅಗಸೆ. ರಾತ್ರಿ ಕಲೆಸಿ ಐದು ಗಂಟೆ ಬಿಟ್ಟು, ಆಕಾರ ಕೊಟ್ಟು ಫ್ರಿಜ್ಜಿಗೆ. ರಾಗಿ ಇದಕ್ಕಿಂತ ಜಾಸ್ತಿ ಹಾಕಿದರೆ ಬಿರಿಯುತ್ತದೆ, ಅದರಲ್ಲಿ ಅಂಟಿಲ್ಲ. ಬೇಕಿಂಗ್ ಪೇಪರ್ ಮುಗಿದಿತ್ತು. ಬಾಳೆ ಎಲೆಯನ್ನು ಕಡುಬಿಗೆ ಬಾಡಿಸುವ ಹಾಗೆ ಒಲೆಯ ಮೇಲೆ ಬಾಡಿಸಿ, ಅದರ ಮೇಲೆ ಹಿಟ್ಟು ಇಟ್ಟು ಕಾವಲಿಗೆ ಜಾರಿಸಿದೆ. ಅಂಚು ಕರಕಲಾಯಿತು, ತಳ ಎಲ್ಲೂ ಹಿಡಿಯಲಿಲ್ಲ.

ಮಗಳು ಮೂಸಿದಳು, ಕಚ್ಚಿದಳು, "ರಾಗಿ ಬ್ರೋಟ್" ಅಂದಳು. ಆಯಿ ತುಪ್ಪ, ಮಾವಿನಮಿಡಿ ಉಪ್ಪಿನಕಾಯಿ ಹಚ್ಚಿಕೊಂಡು ಎರಡು ತುಂಡು ತಿಂದರು. ಚಿಕ್ಕಪ್ಪ ಮಾತ್ರ "ಹಲ್ಲಿಗೆ ಕಷ್ಟ" ಅಂದು ಚಾದಲ್ಲಿ ಅದ್ದಿದರು.

ಡಿಸೆಂಬರ್ 14

14 ಹೂವಿನಲ್ಲಿ ಕೊನೆಗೆ ಉಳಿದದ್ದು 9 ಕೋಡು. ತುದಿ ಹಳದಿಯಾದಾಗ ಕೊಯ್ದೆವು. ಮೂಸಿದರೆ ಏನೂ ಇಲ್ಲ, ಹಸಿ ಬೀನ್ಸಿನ ವಾಸನೆ. ಪರಿಮಳ ಆಮೇಲೆ ಹುಟ್ಟುವುದು. 65 ಡಿಗ್ರಿ ನೀರಿನಲ್ಲಿ ಮೂರು ನಿಮಿಷ ಅದ್ದಿ, ಬಿಸಿ ಇರುವಾಗಲೇ ಕಂಬಳಿಯಲ್ಲಿ ಸುತ್ತಿ ಪೆಟ್ಟಿಗೆಗೆ. ಸ್ಟುಟ್‌ಗಾರ್ಟಿನ ಥರ್ಮಾಮೀಟರ್ ಕೆಲಸಕ್ಕೆ ಬಂತು. ಮರುದಿನ ತೆಗೆದರೆ ಹಸಿರು ಹೋಗಿ ಚಾಕಲೇಟ್ ಬಣ್ಣ. ಇನ್ನು ದಿನಾ ಒಂದೆರಡು ಗಂಟೆ ಬಿಸಿಲು, ಮತ್ತೆ ಕಂಬಳಿ. ಆಮೇಲೆ ನೆರಳಿನಲ್ಲಿ ತಿಂಗಳುಗಟ್ಟಲೆ.

ನಿನ್ನೆ ಅಲ್ಲಿಂದ ತಂದ ವೆನಿಲಾ ಸಕ್ಕರೆ ಪಾಕೀಟನ್ನು ಮೊದಲ ಸಲ ಸರಿಯಾಗಿ ಓದಿದೆ. ವೆನಿಲಾ ಅಲ್ಲ, ವ್ಯಾನಿಲಿನ್ ಸಕ್ಕರೆ. ಕಾರ್ಖಾನೆಯಲ್ಲಿ ಮಾಡಿದ ವಾಸನೆ. ಅಷ್ಟೂ ವರ್ಷ ಅದನ್ನೇ ಹಾಕಿದ್ದೆ, ಇಷ್ಟು ದೂರ ಹೊತ್ತು ಬೇರೆ ತಂದಿದ್ದೆ. ಈಗ ಒಂದು ಪಾಕೀಟು ಉಳಿದಿದೆ.

ಕ್ರಿಸ್‌ಮಸ್ ಕೇಕಿಗೆ ಒಂದು ಕೋಡು ತೆಗೆಯಲಾ ಎಂದು ಚಿಕ್ಕಪ್ಪನನ್ನು ಕೇಳಿದೆ. ಪೆಟ್ಟಿಗೆಯ ಮೇಲೆ ಕೈಯಿಟ್ಟು, "ಶಿವರಾತ್ರಿ ತನಕ ಮುಟ್ಟಡ" ಅಂದರು. ಕ್ರಿಸ್‌ಮಸ್ಸಿಗೆ ಆ ಕೊನೆಯ ಪಾಕೀಟೇ.